ಬಾರದ ನಾಲ್ವರ ಪಾಲು

ನಮ್ಮೂರು ಜಾರ್‌ಬಾಶಿಯಲ್ಲಿ ಬೆಂಕಿ ಆರಿಸುವ ಕೆಂಪು ಲಾರಿಯೊಂದಿದೆ. ಊರಾಡಳಿತದ ಕಚೇರಿಯ ಹಿಂದಿನ ಶೆಡ್ಡಿನಲ್ಲಿ ನಿಂತಿರುತ್ತದೆ. ಅದಕ್ಕೆ ಐದು ಜನ ಬೇಕು: ಓಡಿಸುವವನೊಬ್ಬ, ಪಂಪಿನ ಹತ್ತಿರ ನಿಲ್ಲುವವನೊಬ್ಬ, ಪೈಪು ಹಿಡಿಯಲು ಇಬ್ಬರು, ಇವರಿಗೆಲ್ಲ ಏನು ಮಾಡಬೇಕೆಂದು ಹೇಳುವವನೊಬ್ಬ. ನಾನು ಹೇಳಹೊರಟಿರುವ ವರ್ಷದ ವಸಂತಕ್ಕೆ ಈ ಐದೂ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರು. ಅವರು ನನ್ನ ಗಂಡ ಶೈಲೋಬೆಕ್.

ಉಳಿದವರು ಒಬ್ಬೊಬ್ಬರಾಗಿ ಉದುರಿಹೋಗಿದ್ದರು. ಒಬ್ಬ ಸರಕು ಲಾರಿ ಓಡಿಸಲು ರಷ್ಯಾಕ್ಕೆ ಹೋದ. ಕೆನೆನ್ ಎಂಬುವನು ರಾಜಧಾನಿ ಬಿಶ್ಕೆಕ್‌ನಲ್ಲಿ ಟೈಲ್ಸ್ ಹಾಕುವ ಕೆಲಸ ಹಿಡಿದ. ಇನ್ನೊಬ್ಬನಿಗೆ ಹೊಗೆ ಕುಡಿದು ಕುಡಿದು ಎದೆ ಕೆಟ್ಟಿತು. ಹೇಳುವವನಿಗೆ ವಯಸ್ಸಾಯಿತು, ಹೆಗಲಿಗೊಂದು ನಿಲುವಂಗಿ ಹೊದಿಸಿ, ತಲೆಗೊಂದು ಬಿಳಿ ಟೋಪಿ ಇಟ್ಟು, ಮರ್ಯಾದೆ ಮಾಡಿ ಮನೆಗೆ ಕಳಿಸಿದರು. ಅವರ ಜಾಗಕ್ಕೆ ಮತ್ಯಾರೂ ಬರಲಿಲ್ಲ. ಇವರೊಬ್ಬರೇ ಲಾರಿ ತೊಳೆಯುತ್ತ, ಒರೆಸುತ್ತ, ಎಂಜಿನ್ನಿಗೆ ದಿನಕ್ಕೊಮ್ಮೆ ಜೀವ ಕೊಡುತ್ತ ಉಳಿದರು. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಇದೆ ಎನಿಸುವಷ್ಟು ಆ ಲಾರಿ ಹೊಳೆಯುತ್ತಿತ್ತು.

ಮಾರ್ಚಿನಲ್ಲಿ ಮೇಲಿನ ಬೀದಿಯ ಒಂದು ದನದ ಕೊಟ್ಟಿಗೆಗೆ ಬೆಂಕಿ ಬಿತ್ತು. ಇವರು ಪೈಪು ಎಳೆದುಕೊಂಡು ಒಳಗೆ ನುಗ್ಗಿದ್ದಾರೆ. ಹೊರಗೆ ಪಂಪು ಕೆಮ್ಮಿ ನಿಂತಿದೆ. ನೋಡುವವರು ಯಾರೂ ಇಲ್ಲ. ಕೈಯಲ್ಲಿನ ಪೈಪು ಸತ್ತ ಹಾವಿನಂತೆ ಜೋತುಬಿದ್ದಿದೆ, ತಲೆಯ ಮೇಲೆ ಉರಿಯುವ ಮಾಡು. ಆ ಮನೆಯ ಸೊಸೆಯೇ ಇವರ ಸೊಂಟದ ಬೆಲ್ಟಿಗೆ ಕೈಹಾಕಿ ಹೊರಗೆ ಎಳೆದಳು. ಎಳೆದ ಹಿಂದೆಯೇ ತೊಲೆ ಬಿತ್ತು. ಆ ಹೆಣ್ಣುಮಗಳ ಹೊಟ್ಟೆ ತಣ್ಣಗಿರಲಿ. ಇವರು ಮನೆಗೆ ಬಂದಾಗ ಹುಬ್ಬು ಇರಲಿಲ್ಲ, ಒಂದು ಕಿವಿ ಸುಟ್ಟಿತ್ತು. ನಮ್ಮ ಕಿರಿಯ ಮಗಳು ಅಪ್ಪನ ಗುರುತು ಸಿಗದೆ ನನ್ನ ಹಿಂದೆ ಅಡಗಿಕೊಂಡಳು.

ಮಾರನೆಯ ದಿನ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ, ಏಪ್ರನ್ ಕೂಡ ಬಿಚ್ಚದೆ ಊರಾಡಳಿತದ ಕಚೇರಿಗೆ ಹೋದೆ. ಅಲ್ಲಿನ ಮುಖ್ಯಸ್ಥ ಮೆದೆರ್ ನಮ್ಮ ಬೀದಿಯವನೇ.

"ಬಾ ತಂಗಿ, ಕೂತ್ಕೋ. ಚಹಾ ಕುಡಿ."

"ಚಹಾ ನಮ್ಮನೇಲೂ ಇದೆ ಮೆದೆರಣ್ಣ. ಜನ ಕೊಡಿ."

"ಜನ ಏನು ನನ್ನ ಜೇಬಲ್ಲಿದ್ದಾರಾ? ಕಾಗದ ಬರ್ದಿದೀನಿ. ಮೇಲಿಂದ ಬರ್ಬೇಕು."

"ಮೇಲಿಂದ ನಮ್ಮೂರಿಗೆ ಹಿಮ ಬಿಟ್ರೆ ಇನ್ನೇನು ಬಂದಿದೆ ಹೇಳಿ? ಇನ್ನೊಂದು ಸಲ ಹಿಂಗೆ ಒಬ್ರೇ ಹೋದ್ರೆ ಅವ್ರು ವಾಪಸ್ ಬರಲ್ಲ. ಮೂರು ಮಕ್ಕಳನ್ನ ಕರ್ಕೊಂಡು ನಾನು ಇಲ್ಲೇ ನಿಮ್ಮ ಮೇಜಿನ ಮುಂದೆ ಬಂದು ಕೂರ್ತೀನಿ."

ಮೆದೆರ್ ನಗಲೂ ಆರದೆ ಅಳಲೂ ಆರದೆ ಟೋಪಿ ಹಿಂದಕ್ಕೆ ಸರಿಸಿ ತಲೆ ಕೆರೆದುಕೊಂಡ. ಸಂಜೆ ಅವನ ಹೆಂಡತಿ ನುರ್ಜಾತ್ ಸುಟ್ಟಗಾಯದ ಮುಲಾಮು, ಒಂದು ಬಟ್ಟಲು ಕೆನೆ ತಂದುಕೊಟ್ಟಳು. ಕೆಟ್ಟ ಜನ ಅಲ್ಲ. ಆದರೆ ಕೆನೆಯಿಂದ ಪಂಪು ನಡೆಯುವುದಿಲ್ಲವಲ್ಲ.

ಮೇ ತಿಂಗಳಲ್ಲಿ, ಬೆಟ್ಟದ ಮೇಲಿನ ಹಿಮ ಕರಗಿ ಹೊಳೆ ಕೆಂಪಗಾಗುವ ಮುಂಚೆ, ಊರಿನವರೆಲ್ಲ ಸೇರಿ ಹರಕೆಯೂಟ ಮಾಡುತ್ತೇವೆ. ನೆರೆ ಬಾರದಿರಲಿ, ಆಲಿಕಲ್ಲು ಬೀಳದಿರಲಿ, ಬೆಂಕಿ ತಗುಲದಿರಲಿ ಎಂದು ಹೊಳೆದಂಡೆಯಲ್ಲಿ ಕುರಿ ಕೊಯ್ದು, ಬೇಯಿಸಿ, ಅಂಗೈ ಚಾಚಿ ಹರಕೆ ಹೇಳುವುದು. ಅಂದು ಮೂಳೆಗಳ ಪಾಲು ಹಾಕುವುದೇ ದೊಡ್ಡ ಕೆಲಸ. ಕುರಿಯನ್ನು ಕೀಲುಕೀಲಿಗೆ ಬಿಡಿಸಬೇಕು, ಮೂಳೆ ಮುರಿಯಬಾರದು. ಹಿರಿಯನಿಗೆ ಸೊಂಟದ ಮೂಳೆ, ಹಿರಿಯಳಿಗೆ ಬಾಲದ ಕಡೆಯದು, ನಡುವಯಸ್ಸಿನವರಿಗೆ ತೊಡೆಯದು, ಹೀಗೆ. ತಪ್ಪಿದರೆ ಮೂರು ತಲೆಮಾರು ಆಡಿಕೊಳ್ಳುತ್ತಾರೆ. ನಮ್ಮೂರಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ಪಾಲು ಹಾಕುವವರು ಗಟ್ಟಿಯಾಗಿ ಹೆಸರು ಕೂಗಿ ಮೂಳೆ ಇಟ್ಟ ಮೇಲೆ ಅದು ಮತ್ತೆ ಹಂಡೆಗೆ ಹೋಗುವಂತಿಲ್ಲ, ಬೇರೆಯವರ ಬಾಯಿಗೂ ಹೋಗುವಂತಿಲ್ಲ. ಯಾರ ಹೆಸರಿನದೋ ಅವರ ಕೈಗೇ ಸೇರಬೇಕು.

ಆ ವರ್ಷ ಪಾಲು ಹಾಕಲು ಕಾಲ್ಚೊರೊ ಅಜ್ಜನನ್ನು ಕೂರಿಸಿದರು. ಅಜ್ಜ ಬಹಳ ವರ್ಷ ತಲಾಸ್ ಕಡೆ ಮಗಳ ಮನೆಯಲ್ಲಿದ್ದು ಹಿಂದಿನ ಚಳಿಗಾಲದಲ್ಲಷ್ಟೇ ಊರಿಗೆ ಬಂದಿದ್ದರು. ಅವರ ಕೈಚಳಕ ಮತ್ಯಾರಿಗೂ ಬಂದಿರಲಿಲ್ಲವಾದ್ದರಿಂದ ಎಲ್ಲರಿಗೂ ಸಂಭ್ರಮ. ಹುಲ್ಲಿನ ಮೇಲೆ ಉದ್ದಕ್ಕೆ ಬಟ್ಟೆಗಳನ್ನು ಹಾಸಿದ್ದೆವು. ಹಿರಿಯರದೊಂದು ಸಾಲು, ಹೆಂಗಸರದೊಂದು, ಮೇಷ್ಟ್ರುಗಳದೊಂದು. ಹಿರಿಯರ ಪಕ್ಕದಲ್ಲೇ ಕೆಂಪು ಲಾರಿಯವರದೊಂದು. ಎಂದೋ ಒಮ್ಮೆ ಲಾರಿಯವರು ಇಡೀ ಊರಿನ ಹುಲ್ಲಿನ ಬಣವೆಗಳನ್ನು ಉಳಿಸಿಕೊಟ್ಟಿದ್ದರಂತೆ. ಅಂದಿನಿಂದ ಅವರಿಗೆ ಆ ಜಾಗ.

ನಾನು ಸಾರು ಬಡಿಸುತ್ತಿದ್ದೆ. ಅಜ್ಜ ಕೂಗಿದ್ದು ಕೇಳಿಸಿತು: "ಕೆಂಪು ಲಾರಿಯವರದು!"

ನೋಡಿದರೆ ಇವರೊಬ್ಬರೇ ಕೂತ ಬಟ್ಟೆಯ ಮೇಲೆ ಐದು ತಟ್ಟೆ, ಐದು ಮೂಳೆ. ನಡುವೆ ಆರನೆಯದಾಗಿ ಭುಜದ ಹಲಗೆ ಮೂಳೆ ಬೇರೆ. ಅದೊಂದಕ್ಕೆ ಮಾತ್ರ ಬೇರೆ ಕಟ್ಟಳೆ: ಯಾರ ಹೆಸರಿಗೆ ಇಟ್ಟರೂ ಅದನ್ನು ಒಬ್ಬರೇ ತಿನ್ನಬಾರದು. ನಲವತ್ತು ಜನರಿದ್ದರೂ ಚೂರು ಚೂರು ಹಂಚಿಕೊಳ್ಳಬೇಕು.

ಪಕ್ಕದಲ್ಲಿದ್ದ ಐಸಾಲ್ಕಿನ್ ಅಕ್ಕ ನನ್ನ ಮೊಣಕೈ ತಿವಿದಳು. ಅವಳ ಬಾಯಿ ಊರಿಗೇ ಗೊತ್ತು. ಹಿಂದೆ ಟ್ರ್ಯಾಕ್ಟರ್ ಓಡಿಸುತ್ತಿದ್ದವಳು, ಎಂಜಿನ್ ಸದ್ದಿನ ಮೇಲೆ ಮಾತಾಡಿ ಅಭ್ಯಾಸ. ಅವಳೂ ಅಂದು ಪಿಸುಗುಟ್ಟಿದಳು: "ಅಯ್ಯೋ, ಮುದುಕಪ್ಪಂಗೆ ಯಾರೂ ಹೇಳಿಲ್ವೇನೇ?"

"ಅಜ್ಜ..." ಎಂದು ನಾನು ಬಾಯಿ ತೆರೆದೆ.

"ಸುಮ್ನಿರು. ಕೂಗಿಟ್ಟಾಯ್ತು."

ಅಜ್ಜ ಚಾಕು ಒರೆಸಿಕೊಳ್ಳುತ್ತ ಇವರ ಕಡೆ ತಿರುಗಿದರು. "ಏನೋ ಶೈಲೋಬೆಕ್, ಉಳಿದ ಹುಡುಗ್ರು ಎಲ್ಲಿ? ಲಾರಿ ಹತ್ರ ನಿಂತಿದ್ದಾರಾ? ಕರಿ, ಮಾಂಸ ಆರ್ತದೆ."

"ಲಾರಿ ಹತ್ರ ಯಾರೂ ಇಲ್ಲಜ್ಜ."

"ಮತ್ತೆ?"

"ನಾನೊಬ್ನೇ."

ಅಜ್ಜ ನಕ್ಕರು. "ನಿಮ್ಮಪ್ಪನೂ ಹಿಂಗೇ ತಮಾಷೆ ಮಾಡ್ತಿದ್ದ. ಎಲೆಕ್ಷನ್ ದಿನ ಹುಟ್ದೋನಿಗೆ ಎಲೆಕ್ಷನ್ ಅಂತಾನೇ, ಶೈಲೋ ಅಂತ ಹೆಸರಿಟ್ಟ ಪುಣ್ಯಾತ್ಮ. ಕರಿಯೋ."

ಇವರು ಭುಜದ ಮೂಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಆಚೆ ಈಚೆ ಖಾಲಿ ಜಾಗ ನೋಡಿದರು. ಹಿರಿಯರ ಸಾಲಿನಲ್ಲಿ ಯಾರೋ ಅಜ್ಜನ ಕಿವಿಯಲ್ಲಿ ವಿಷಯ ಹೇಳಿದರು. ಅಜ್ಜನ ಮುಖ ಇಳಿದುಹೋಯಿತು. ಅವರಿಗೆ ಲಾರಿಯ ಚಿಂತೆಯಲ್ಲ ಮೊದಲು ಬಂದದ್ದು. ಪಾಲು ತಪ್ಪಿದೆನಲ್ಲ ಎಂಬ ನಾಚಿಕೆ.

"ದಿನಾ ಲಾರಿ ತೊಳ್ದಿಟ್ಟಿರೋದು ನೋಡ್ತಿದ್ದೆ," ಎಂದರು, "ಅಷ್ಟು ಹೊಳೀಬೇಕಾದ್ರೆ ಕೈ ಬಹಳ ಇರ್ಬೇಕು ಅಂದ್ಕೊಂಡೆ."

ಆಮೇಲೆ ಶುರುವಾಯಿತು ಚರ್ಚೆ. ಹೆಸರು ಕೂಗಿಟ್ಟ ನಾಲ್ಕು ಮೂಳೆ, ಬಾಯಿ ಒಂದೂ ಇಲ್ಲ. ಮಕ್ಕಳಿಗೆ ಕೊಡೋಣ ಎಂದರೊಬ್ಬರು. ಆಗದು, ಮಕ್ಕಳ ಹೆಸರಲ್ಲಿ ಕೂಗಿಲ್ಲ. ಬಿಟ್ಟುಹೋದವರ ಮನೆಗೆ ಕಳಿಸೋಣ ಎಂದರು ಇನ್ನೊಬ್ಬರು.

"ಯಾಕೆ? ಅವ್ರು ಈಗ ಲಾರಿಯವ್ರಾ?" ಐಸಾಲ್ಕಿನ್ ಅಕ್ಕನ ದನಿ ತನ್ನ ಎಂದಿನ ಎತ್ತರಕ್ಕೆ ಬಂದಿತ್ತು. "ಒಬ್ಬ ಟೈಲ್ಸಿನೋನು, ಒಬ್ಬ ಸರಕಿನೋನು. ಕೂಗಿದ್ದು ಕೆಂಪು ಲಾರಿಯವ್ರು ಅಂತ."

"ಹಂಗಾದ್ರೆ ಇದು ಆ ಕೆಲಸದ ಪಾಲು," ಎಂದರು ಅಜ್ಜ, ನಿಧಾನವಾಗಿ, ತಮಗೆ ತಾವೇ ಹೇಳಿಕೊಳ್ಳುವಂತೆ. "ಆ ಕೆಲಸ ಯಾರ ಮನೇದು?"

ಎಲ್ಲರ ಕಣ್ಣೂ ಹಿರಿಯರ ಸಾಲಿನ ತುದಿಯಲ್ಲಿ ತೊಡೆಮೂಳೆ ಹಿಡಿದು ಕೂತಿದ್ದ ಮೆದೆರನ ಮೇಲೆ ನೆಟ್ಟಿತು. ಅವನು ಅಗಿಯುವುದನ್ನು ನಿಲ್ಲಿಸಿದ.

ಅಜ್ಜ ಚುಚ್ಚಿ ಮಾತಾಡಿದವರಲ್ಲ. ತಮ್ಮ ತಪ್ಪಿಗೆ ದಾರಿ ಸಿಕ್ಕಿತಲ್ಲ ಎಂಬ ಸಮಾಧಾನದಿಂದಲೇ ಹೇಳಿದರು. "ಮಗಾ ಮೆದೆರ್, ಇವ್ರು ನಿನ್ನೋರು. ಈ ಪಾಲು ನೀನೇ ತಗೊಂಡ್ಹೋಗು. ಬಂದಾಗ ಅವ್ರವ್ರ ಕೈಗೆ ಕೊಡು. ಈ ಮುದುಕನ ತಪ್ಪನ್ನ ಹೊಟ್ಟೆಗೆ ಹಾಕ್ಕೋ."

"ಅಜ್ಜ, ಅವ್ರು ಯಾವಾಗ ಬರ್ತಾರೋ..."

"ಬರೋವರ್ಗೂ ಇಟ್ಕೊಂಡಿರಪ್ಪ."

ನುರ್ಜಾತ್ ಚೀಲ ತಂದಳು. ನಾಲ್ಕು ಮೂಳೆಗಳು ಒಂದೊಂದಾಗಿ ಚೀಲಕ್ಕೆ ಇಳಿದವು. ಭುಜದ ಮೂಳೆಯನ್ನು ಇವರು ಹಿರಿಯರ ಸಾಲಿಗೆ ಕೊಂಡೊಯ್ದು, ಎಲ್ಲರಿಗೂ ಬೆರಳಗಲದ ಚೂರು ಹಂಚಿದರು. ಆಮೇಲೆ ಅಜ್ಜ ಅಂಗೈ ಚಾಚಿದರು, ನಾವೆಲ್ಲ ಚಾಚಿದೆವು. "ಹೆಸರಿಟ್ಟ ಪಾಲಿಗೆ ಒಡೆಯ ಬರಲಿ, ಬೆಂಕಿಯ ಮುಂದೆ ನಿಂತವನಿಗೆ ಜೊತೆ ಸಿಗಲಿ" ಎಂದರು. ಎಲ್ಲರೂ ಮುಖ ಸವರಿಕೊಂಡು "ಓಮೀನ್, ಹಾಗೇ ಆಗಲಿ" ಎಂದೆವು. ಮೆದೆರನೂ ಅಂದ. ನಾನು ಅವನ ತುಟಿಯನ್ನೇ ನೋಡುತ್ತಿದ್ದೆ, ಅಂದದ್ದು ನಿಜ.

ಮುಂದಿನ ದಿನಗಳಲ್ಲಿ ಊರಿಗೆ ಬೇರೆ ಮಾತೇ ಇರಲಿಲ್ಲ. ಮೆದೆರ್ ಅಂಗಡಿಗೆ ಹೋದರೆ, "ಹೆಂಗಿದ್ದಾರೆ ಮನೇಲಿರೋ ನಾಲ್ಕು ಜನ?" ಎಂದು ಕೇಳುತ್ತಿದ್ದರು. ಮದುವೆಗೆ ಹೋದರೆ, "ಐದು ಜನಕ್ಕೆ ಜಾಗ ಮಾಡ್ರಪ್ಪ, ಮುಖ್ಯಸ್ಥರು ಒಬ್ರೇ ಬಂದಿಲ್ಲ" ಎನ್ನುತ್ತಿದ್ದರು. ಅವನೂ ಮೊದಮೊದಲು ನಕ್ಕ.

ನುರ್ಜಾತ್ ನಮ್ಮ ಮನೆಗೆ ಬಂದು ಗೋಳು ಹೇಳಿಕೊಂಡಳು. "ಫ್ರಿಜ್ ತುಂಬಾ ಅವೇ ಕಣೇ, ಕಲ್ಲಿನ ಹಂಗೆ ಹೆಪ್ಪುಗಟ್ಟಿಸಿ ಇಟ್ಟಿದೀನಿ. ಬೆಣ್ಣೆ ಇಡೋಕೆ ಜಾಗ ಇಲ್ಲ. ಇವ್ರು ರಾತ್ರಿ ತಣ್ಣೀರು ತಗೋಳ್ಳೋಕೂ ಅದ್ರ ಬಾಗ್ಲು ತೆಗೆಯಲ್ಲ. ನಂಗೇ ಹೇಳ್ತಾರೆ."

"ಬೇಜಾರ್ ಮಾಡ್ಕೋಬೇಡಿ ಅತ್ತಿಗೆ," ಎಂದೆ. ಆದರೆ ನನಗೆ ಒಳಗೊಳಗೇ ಧೈರ್ಯ ಬಂದಿತ್ತು. ಕಾಗದ ಬರೆದಿದ್ದೇನೆ ಎಂದು ನನಗೆ ಹೇಳಬಹುದು. ಮನೆಯೊಳಗಿನ ಮೂಳೆಗೆ ಹೇಗೆ ಹೇಳುತ್ತಾನೆ?

ಜೂನ್ ತಿಂಗಳಲ್ಲಿ ಊರಸಭೆ ಶಾಲೆಯ ಸಭಾಂಗಣದಲ್ಲಿ ಸೇರಿತು. ಎಂದಿಲ್ಲದ ಜನ. ಲೋಟ ತೊಳೆಯುವ ನೆಪದಲ್ಲಿ ನಾನು ಬಾಗಿಲ ಹತ್ತಿರ ನಿಂತೆ. ಇವರು ಹಿಂದಿನ ಬೆಂಚಿನಲ್ಲಿ, ಲಾರಿಯ ಕೀಲಿಕೈ ಹಿಡಿದುಕೊಂಡೇ ಕೂತಿದ್ದರು. ಮೆದೆರ್ ಎದ್ದು ನಿಂತ. ಟೋಪಿ ತೆಗೆದು ಮೇಜಿನ ಮೇಲಿಟ್ಟ. ನಮ್ಮಲ್ಲಿ ಗಂಡಸರು ಸುಮ್ಮಸುಮ್ಮನೆ ಟೋಪಿ ತೆಗೆಯುವುದಿಲ್ಲ.

"ಮೇಲಿಂದ ಬರ್ಬೇಕು, ಮೇಲಿಂದ ಬರ್ಬೇಕು ಅಂತ ಹೇಳ್ತಾ ಬಂದೆ. ಈ ತಿಂಗ್ಳು ನಾನೇ ಜಿಲ್ಲೆಗೆ ಹೋಗಿ ಕೂತೆ. ಅವ್ರು ನನ್ನ ಮುಖಕ್ಕೇ ಹೇಳಿದ್ರು, ಮೇಲೇನೂ ನಿಂತಿಲ್ಲ, ಈ ನಾಲ್ಕು ಜಾಗದ ಸಂಬಳ ನಿಮ್ಗೆ ಬರ್ತಾನೇ ಇದ್ಯಲ್ಲ ಅಂತ. ಬರ್ತಿತ್ತು. ನಂಗೆ ಗೊತ್ತಿತ್ತು. ಆ ಸಂಬಳಕ್ಕೆ ಯಾರೂ ಬರಲ್ಲ ಅಂತ ನಾನೇ ತೀರ್ಮಾನ ಮಾಡಿ, ಯಾರನ್ನೂ ಕೇಳೋಕೂ ಹೋಗ್ಲಿಲ್ಲ. ಆ ದುಡ್ಡಲ್ಲಿ ಊರ ಮುಂದಿನ ಕಮಾನು ಎತ್ತಿಸ್ದೆ."

ಊರ ಹೆಸರು ಬರೆದ, ಮೇಲೆ ಎರಡು ಕಾಡುಮೇಕೆ ನಿಲ್ಲಿಸಿದ ಆ ಕಮಾನಿನ ಕೆಳಗೆ ನಾವೆಲ್ಲ ನಿಂತು ಫೋಟೋ ತೆಗೆಸಿಕೊಂಡಿದ್ದೆವು.

ಐಸಾಲ್ಕಿನ್ ಅಕ್ಕ ಎದ್ದಳು. "ಬೆಂಕಿ ಬಿದ್ರೆ ಆ ಮೇಕೆಗಳು ಇಳ್ದು ಬಂದು ಆರಿಸ್ತವಾ?"

"ಆರಿಸಲ್ಲಕ್ಕ."

"ಆ ಪುಣ್ಯಾತ್ಮ ಸುಟ್ಕೊಂಡು ಸತ್ತಿದ್ರೆ ಹೆಣ ಆ ಕಮಾನಿನ ಕೆಳ್ಗೇ ತರ್ತಿದ್ರಾ ಮೆರವಣಿಗೆ?"

ಸಭಾಂಗಣದಲ್ಲಿ ಗದ್ದಲವೆದ್ದಿತು. ಸಭೆಯ ಸದಸ್ಯರಲ್ಲಿ ಕೆಲವರು ಕಿಟಕಿ ನೋಡತೊಡಗಿದರು. ಕಮಾನಿಗೆ ಕೈ ಎತ್ತಿದವರು ಅವರೇ. ಮೆದೆರ್ ಅವರ ಹೆಸರು ಹೇಳಬಹುದಿತ್ತು. ಹೇಳಲಿಲ್ಲ. "ಕೈ ಎತ್ತಿದೋರು ಇಲ್ಲೇ ಇದ್ದಾರೆ. ಆದ್ರೆ ತಂದು ಅವ್ರ ಮುಂದಿಟ್ಟೋನು ನಾನು. ನನ್ನನ್ನೇ ಕೇಳಿ," ಎಂದ. ನಂತರ ನನ್ನ ಕಡೆ ತಿರುಗಿದ. "ತಂಗಿ, ನೀನು ಬಂದಾಗ ಚಹಾ ಕೊಟ್ಟೆ. ನಿಜ ಹೇಳ್ಬೇಕಿತ್ತು."

ಮಾರ್ಚಿನಿಂದ ಎದೆಯಲ್ಲಿ ಕಟ್ಟಿಟ್ಟುಕೊಂಡ ಬೈಗುಳ ಬಹಳ ಇತ್ತು. ಲೋಟ ಹಿಡಿದುಕೊಂಡು ತಲೆಯಾಡಿಸಿದೆ.

ನಾಲ್ಕು ಜಾಗದ ಸಂಬಳವನ್ನು ಸದ್ಯಕ್ಕೆ ಎರಡು ಜಾಗಕ್ಕೆ ಸೇರಿಸಿ, ಮನೆ ನಡೆಯುವಷ್ಟು ಮಾಡಿ, ಇಬ್ಬರನ್ನು ಹುಡುಕುವುದು. ಉಳಿದ ಎರಡಕ್ಕೆ ಜಿಲ್ಲೆಯ ಬೆನ್ನು ಹತ್ತುವುದು ಎಂದಾಯಿತು. ಜನ ಸಿಗುವವರೆಗೆ? ಯಾರೋ ಕೇಳಿಯೇಬಿಟ್ಟರು.

"ಅಲ್ಲಿವರ್ಗೂ ಎರಡನೇ ಆಳು ನಾನು," ಎಂದ ಮೆದೆರ್.

ಜನ ನಕ್ಕರು. ಮೆದೆರನ ಹೊಟ್ಟೆ ಮೊದಲು, ಮೆದೆರ್ ಆಮೇಲೆ. ಆದರೆ ಮರುದಿನ ಬೆಳಿಗ್ಗೆ ಅವನು ಹಳೆಯ ಬೂಟು ಹಾಕಿಕೊಂಡು ಶೆಡ್ಡಿಗೆ ಬಂದ. ಇವರು ಪಂಪು ಹೇಳಿಕೊಟ್ಟರು. ಮೊದಲ ದಿನ ನೀರು ತಿರುಗಿಸುವ ಚಕ್ರ ತಪ್ಪಿ ತಿರುಗಿಸಿ ಕಚೇರಿಯ ಕಿಟಕಿಗೇ ಹೊಡೆದ. ಒಳಗೆ ಕೂತಿದ್ದ ಗುಮಾಸ್ತ ಫೈಲುಗಳ ಸಮೇತ ತೊಯ್ದುಹೋದ. ಬೇಲಿಯಾಚೆ ನಿಂತು ನೋಡುತ್ತಿದ್ದ ಐಸಾಲ್ಕಿನ್ ಅಕ್ಕನಿಗೆ ಹಬ್ಬ.

"ಎಡಗಡೆ ಮೆದೆರ್, ಎಡಗಡೆ! ಊಟ ಮಾಡೋ ಕೈ ಅಲ್ಲ, ಇನ್ನೊಂದು!"

"ಬಾಯಿ ಇಷ್ಟು ಜೋರಿದ್ಯಲ್ಲಕ್ಕ, ಕೈಯೂ ಇದ್ರೆ ಈಚೆ ಬಾ!"

"ಬಂದ್ರೆ ನಿನ್ನ ಕುರ್ಚಿಗೇ ಕಳ್ಸಿಬಿಡ್ತೀನಿ ನೋಡು."

"ಅದೇ ಬೇಕಾಗಿರೋದು ನಂಗೆ!"

ಬೇಲಿ ದಾಟಿ ಬಂದಳು. ಎಂಜಿನ್ನಿನ ಮೇಲೆ ಕಿವಿಯಿಟ್ಟಳು, ಏನೋ ಒಂದು ಬಿಗಿದಳು, ಪಂಪು ಕೆಮ್ಮುವುದನ್ನು ನಿಲ್ಲಿಸಿತು. ಇವರು ನನಗೆ ಆ ಸಂಜೆ ಅದನ್ನು ಹೇಳಿದ್ದು ಊಟದ ತಟ್ಟೆಯ ಮುಂದೆ, ತುತ್ತು ಮರೆತು. ಅಕ್ಕನನ್ನು ಪಂಪಿನ ಕೆಲಸಕ್ಕೆ ಸೇರಿಸಿಕೊಂಡಾಗ, ಹೆಂಗಸನ್ನು ಲಾರಿಯ ಮೇಲೆ ಹತ್ತಿಸುವುದೇ ಎಂದು ಒಬ್ಬಿಬ್ಬರು ಹಿರಿಯರು ಮೂಗು ಮುರಿದರು. ಕಾಲ್ಚೊರೊ ಅಜ್ಜ, "ಪಾಲು ಇಡೋವಾಗ ಗಂಡು ಹೆಣ್ಣು ಅಂತ ನಾನೇನೂ ಕೂಗಿಲ್ಲ" ಎಂದು ಬಾಯಿ ಮುಚ್ಚಿಸಿದರು. ಮೊದಲ ಮೂಳೆಯನ್ನು ನುರ್ಜಾತ್ ಕುದಿಸಿ, ಈರುಳ್ಳಿ ಹಾಕಿ, ಬಟ್ಟಲಲ್ಲಿ ಮುಚ್ಚಿ ಐಸಾಲ್ಕಿನ್ ಅಕ್ಕನ ಮನೆಗೆ ಗಂಡನ ಕೈಯಲ್ಲೇ ಕಳಿಸಿದಳು. "ಉಪ್ಪು ಕಮ್ಮಿ" ಎಂದಳಂತೆ ಅಕ್ಕ, ಮೂಳೆ ಚೀಪುತ್ತ.

ಎರಡನೆಯವನನ್ನು ಕರೆತರಲು ಮೆದೆರ್ ತಾನೇ ಬಿಶ್ಕೆಕ್‌ಗೆ ಹೋದ. ಕೆನೆನ್ ಯಾವುದೋ ಎತ್ತರದ ಕಟ್ಟಡದಲ್ಲಿ ಮೊಣಕಾಲೂರಿ ಟೈಲ್ಸ್ ಅಂಟಿಸುತ್ತಿದ್ದನಂತೆ. ಹೆಂಡತಿ ಮಕ್ಕಳು ಊರಲ್ಲೇ ಇದ್ದರು. "ಯಾರಾದ್ರೂ ಬಂದು ಕೇಳ್ತಾರೇನೋ ಅಂತ ಎರಡು ವರ್ಷ ಕಾದೆ ಅಣ್ಣ," ಎಂದನಂತೆ. ಮೆದೆರನ ಜೊತೆಗೇ ಊರಿಗೆ ಬಂದು ತನ್ನ ಮೂಳೆ ತೆಗೆದುಕೊಂಡ.

ಉಳಿದ ಎರಡು ಮೂಳೆ ಇನ್ನೂ ಅವನ ಮನೆಯಲ್ಲೇ ಇವೆ. ಜಿಲ್ಲೆಯವರು ಈ ಚಳಿಗಾಲ, ಮುಂದಿನ ವಸಂತ ಎನ್ನುತ್ತಿದ್ದಾರೆ. ಅವನು ಹೋಗುತ್ತಲೇ ಇದ್ದಾನೆ. ಅಲ್ಲಿಯವರೆಗೆ ರಜೆಯ ದಿನ ಪೈಪು ಹಿಡಿಯಲು ಬರುತ್ತಾನೆ. ಹೊಟ್ಟೆಯೂ ಸ್ವಲ್ಪ ಇಳಿದಿದೆ.

ಆಗಸ್ಟ್‌ನಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ, ನನ್ನ ಅಣ್ಣನ ಗುಡಾರಕ್ಕೆ ಹೋದೆವು. ಇವರು ಊರು ಬಿಟ್ಟು ಒಂದು ರಾತ್ರಿ ಬೇರೆಲ್ಲಿಯಾದರೂ ಮಲಗಿ ಎಷ್ಟೋ ವರ್ಷವಾಗಿತ್ತು. ಹೊರಡುವಾಗ ಕೀಲಿಕೈಯನ್ನು ಕೆನೆನ್ ಕೈಗೆ ಕೊಟ್ಟು, ಮತ್ತೆ ತೆಗೆದುಕೊಂಡು, ಏನೋ ಹೇಳಿ, ಮತ್ತೆ ಕೊಟ್ಟರು. ಮೇಲೆ ಹೋದ ಮೇಲೂ ಮೊದಲ ದಿನವೆಲ್ಲ ಕಣಿವೆಯ ಕಡೆ ಹೊಗೆ ಹುಡುಕುತ್ತ ಕೂತರು. ಎರಡನೆಯ ದಿನ ಕಿರಿಯ ಮಗಳು ಇವರನ್ನು ಕುದುರೆಯ ಮೇಲೆ ಹತ್ತಿಸಿಕೊಂಡು ಹೋದಳು. ಇಬ್ಬರೂ ನಗುವುದು ಗುಡಾರದವರೆಗೂ ಕೇಳಿಸುತ್ತಿತ್ತು. ನಾನು ಹುಳಿಗಿಟ್ಟ ಕುದುರೆಹಾಲು ಕಡೆಯುವುದನ್ನು ನಿಲ್ಲಿಸಿ ಕೇಳುತ್ತ ನಿಂತೆ.

ಕೆಳಗೆ ಬಂದಾಗ ಐಸಾಲ್ಕಿನ್ ಅಕ್ಕ ನಮ್ಮ ಬಾಗಿಲಲ್ಲೇ ಕಾದಿದ್ದಳು. ಮುಖವೆಲ್ಲ ಮಸಿ, ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಕೆಳಗಿನ ಬೀದೀಲಿ ಎರಡು ಬಣವೆಗೆ ಹತ್ಕೊಂಡಿತ್ತು ಕಣೋ. ಮನೆಗಳಿಗೆ ಒಂದು ಕಿಡಿ ಹಾರೋಕೆ ಬಿಡ್ಲಿಲ್ಲ. ನಾನು ಪಂಪು, ಕೆನೆನ್ ಒಳ್ಗೆ, ಮುಖ್ಯಸ್ಥರು ಪೈಪಿನ ಬಾಲ ಹಿಡ್ಕೊಂಡು ಎರಡು ಸಲ ಬಿದ್ರು."

"ಯಾವಾಗ?" ಎಂದರು ಇವರು. "ನಂಗ್ಯಾಕೆ ಹೇಳಿ ಕಳಿಸ್ಲಿಲ್ಲ?"

"ಯಾಕೆ ಹೇಳ್ಬೇಕಿತ್ತು? ಆರಿಸಿದ್ವಲ್ಲ."

ಇವರು ಬಟ್ಟೆಯ ಗಂಟನ್ನು ಅಲ್ಲೇ ಇಳಿಸಿ ಶೆಡ್ಡಿಗೆ ಹೋದರು. ಲಾರಿಯ ಸುತ್ತ ಬಂದರು. ಪೈಪುಗಳು ತೊಳೆದು, ಒಣಗಲು ನೇತುಬಿದ್ದಿದ್ದವು. ನೀರು ತಿರುಗಿಸುವ ಚಕ್ರಗಳು ಬಿಗಿಯಾಗಿದ್ದವು. ಟ್ಯಾಂಕಿನಲ್ಲಿ ನೀರು ತುಂಬಿತ್ತು. ತಪ್ಪು ಹಿಡಿಯಲು ಒಂದು ಬೆರಳಷ್ಟು ಜಾಗವೂ ಸಿಗಲಿಲ್ಲವೆಂದು ಕಾಣುತ್ತದೆ. ಬಹಳ ಹೊತ್ತಿನ ಮೇಲೆ ಮುಖ ಊದಿಸಿಕೊಂಡು ಮನೆಗೆ ಬಂದರು.

"ನಾನಿಲ್ದೆ ಇದ್ರೂ ನಡೀತು," ಎಂದರು, ಬೂಟು ಬಿಚ್ಚುತ್ತ.

"ಹೂಂ," ಎಂದೆ. ಮುಖ ತಿರುಗಿಸಿಕೊಂಡು ಚಹಾಕ್ಕೆ ನೀರಿಟ್ಟೆ. ಅವರ ಆ ಬೇಜಾರನ್ನು ನೋಡಿ ನನಗಾದ ಸಂತೋಷ ಅವರಿಗೆ ಕಾಣದಿರಲಿ ಎಂದು.